ಮೂವತ್ತೇಳಕ್ಕೆ ಮತ್ತೊಂದು ಡಿಗ್ರಿ: ನಾನು ಆರಿಸಿದ ಬಗೆ

ನನ್ನ ಬಿಎಸ್ಸಿ ಮುಗಿದದ್ದು 2007ರಲ್ಲಿ. ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಆಮೇಲೆ ಸ್ವಲ್ಪ ಕಾಲ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟೆ. ಮದುವೆಯಾಯಿತು, ಮಗಳು ಹುಟ್ಟಿದಳು, ಕೆಲಸ ಬಿಟ್ಟೆ. ಆಮೇಲೆ ಮಗ. ಶಿವಮೊಗ್ಗದಲ್ಲಿ ಇದೇನೂ ವಿಶೇಷ ಅಲ್ಲ. ನಮ್ಮ ಬೀದಿಯಲ್ಲೇ ಬಿಎಸ್ಸಿ, ಎಂಎಸ್ಸಿ, ಬಿಇ ಮಾಡಿ ಮನೆಯಲ್ಲಿರುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಮಗ ಒಂದನೇ ಕ್ಲಾಸಿಗೆ ಸೇರಿದ ಮೇಲೆ ನಾನು ಮತ್ತೆ ದುಡಿಯಬೇಕು ಅನ್ನಿಸಿತು. ಬೇಜಾರು ಕಳೆಯೋಕಲ್ಲ, ದುಡ್ಡಿಗೇ. ಅಡಿಕೆ ರೇಟು ನಂಬಿಕೊಂಡು ಇಬ್ಬರು ಮಕ್ಕಳನ್ನು ಓದಿಸುವುದು ಕಷ್ಟ.

ಆದರೆ ನನ್ನ ಷರತ್ತುಗಳೇ ಜಾಸ್ತಿ. ಊರು ಬಿಡುವ ಹಾಗಿಲ್ಲ. ಅತ್ತೆಗೆ ಶುಗರ್ ಇದೆ, ಮಂಡಿನೋವು ಬೇರೆ. ನಮ್ಮ ಮನೆಯವರು ವಾರದಲ್ಲಿ ಅರ್ಧದಷ್ಟು ದಿನ ತೀರ್ಥಹಳ್ಳಿ ಕಡೆ ತೋಟದಲ್ಲೇ ಇರುತ್ತಾರೆ. ನನ್ನದು ಅಂತ ಇರುವ ಹೊತ್ತು ಮಕ್ಕಳು ಶಾಲೆಗೆ ಹೋದ ಮೇಲಿನ ಐದಾರು ಗಂಟೆ. ಯಾರನ್ನು ಕೇಳಿದರೂ ಒಂದೇ ಮಾತು: ಕಂಪ್ಯೂಟರ್ ಕಲಿತುಬಿಡಿ, ವರ್ಕ್ ಫ್ರಮ್ ಹೋಮ್ ಸಿಗುತ್ತೆ. ಕೋವಿಡ್ ಸಮಯದಲ್ಲಿ ಬೆಂಗಳೂರಿನ ಹುಡುಗರು ತೀರ್ಥಹಳ್ಳಿ, ಹೊಸನಗರದ ಮನೆಗಳಿಗೆ ಬಂದು, ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿಕೊಂಡು ಲ್ಯಾಪ್‌ಟಾಪ್ ಹಿಡಿದು ಕೂತಿದ್ದನ್ನು ಎಲ್ಲರೂ ನೋಡಿದ್ದರು. ಅದೇ ಚಿತ್ರ ಜನರ ತಲೆಯಲ್ಲಿ ಉಳಿದುಬಿಟ್ಟಿದೆ.

ನಾನು ಕೋರ್ಸ್ ಹುಡುಕುವ ಮೊದಲು ಕೆಲಸದ ಜಾಹೀರಾತು ಓದಲು ಶುರು ಮಾಡಿದೆ. 2023ರ ಬೇಸಿಗೆ ರಜೆ ಅದು. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಖಾತೆ ತೆರೆದೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ 'ರಿಮೋಟ್' ಅಂತ ಹುಡುಕಿ, ಸಿಕ್ಕಿದ್ದನ್ನೆಲ್ಲ ಓದುವುದು. ಅರ್ಜಿ ಹಾಕಲಿಕ್ಕಲ್ಲ, ಏನು ಕೇಳುತ್ತಾರೆ ನೋಡಲಿಕ್ಕೆ. ಎಸ್‌ಕ್ಯೂಎಲ್, ಎಕ್ಸೆಲ್, ಪೈಥಾನ್, ಪವರ್ ಬಿಐ ದತ್ತಾಂಶದ ಕೆಲಸಕ್ಕೆ ಬಳಸುವ ಈ ನಾಲ್ಕು ಸಾಧನಗಳ ಹೆಸರು ಮತ್ತೆ ಮತ್ತೆ ಬರುತ್ತಿದ್ದವು. ಜೊತೆಗೆ ಇನ್ನೊಂದು ಸಾಲು ಇರುತ್ತಿತ್ತು: ಮೂರರಿಂದ ಐದು ವರ್ಷ ಅನುಭವ. ಹೊಸಬರಿಗೆ ಇದ್ದ ಕೆಲಸಗಳೆಲ್ಲ ಬೆಂಗಳೂರು, ಹೈದರಾಬಾದ್, ಪುಣೆ ಆಫೀಸಿನಲ್ಲಿ ಕೂತು ಮಾಡುವಂಥವು. ಮನೆಯಿಂದ ಮಾಡಬಹುದಾದವು ಅನುಭವ ಇದ್ದವರಿಗೆ. ಇದು ಯೋಚಿಸಿದರೆ ಸಹಜವೇ. ಕಣ್ಣಮುಂದೆ ಇಲ್ಲದ ಮನುಷ್ಯನ ಕೈಗೆ ಕೆಲಸ ಕೊಡಬೇಕಾದರೆ ಆ ಮನುಷ್ಯ ಮಾಡುತ್ತಾನೆ ಅನ್ನುವ ನಂಬಿಕೆ ಮೊದಲು ಬರಬೇಕು. ಹೊಸಬರ ಮೇಲೆ ಆ ನಂಬಿಕೆ ಯಾರಿಗೆ ಇರುತ್ತೆ? ಆದರೆ ಕೋರ್ಸ್ ಮಾರುವವರು ಯಾರೂ ಈ ಮಾತು ಹೇಳುವುದಿಲ್ಲ.

ಅವರ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಎಲ್ಲೋ ಒಂದು ಕಡೆ ಫೋನ್ ನಂಬರ್ ಕೊಟ್ಟಿದ್ದೇ ತಡ, ದಿನಾ ಕರೆ. "ಮೇಡಂ, ಡೇಟಾ ಸೈನ್ಸ್, ಆರು ತಿಂಗಳು, ನೂರಕ್ಕೆ ನೂರು ಪ್ಲೇಸ್‌ಮೆಂಟ್." ಡೇಟಾ ಸೈನ್ಸ್ ಅಂದರೆ ದತ್ತಾಂಶ ಜಾಲಾಡಿ ಅರ್ಥ ಹುಡುಕುವ ವಿದ್ಯೆ. ಫೀಸಿಗೆ ಅವರೇ ಸಾಲ ಮಾಡಿಸಿಕೊಡುತ್ತಾರಂತೆ, ಇಎಂಐ ಕಟ್ಟಿದರೆ ಸಾಕಂತೆ. ಒಬ್ಬ ಹುಡುಗನಿಗೆ ಕೇಳಿದೆ, "ಕೆಲಸ ಶಿವಮೊಗ್ಗದಿಂದ ಮಾಡಬಹುದೇನಪ್ಪ?" "ಅದು ಕಂಪನಿ ಪಾಲಿಸಿ ಮೇಡಂ, ಮೊದಲು ಸೀಟ್ ಬ್ಲಾಕ್ ಮಾಡಿ" ಅಂದ. ಕೆಲಸ ಸಿಗದೇ ಹೋದರೆ ಸಾಲ ಯಾರದು ಅಂತ ಕೇಳಿದ್ದಕ್ಕೆ ಸೀನಿಯರ್‌ಗೆ ಕನೆಕ್ಟ್ ಮಾಡ್ತೀನಿ ಅಂದವನು ಮತ್ತೆ ಸಿಗಲಿಲ್ಲ.

ಆಮೇಲೆ ಕೆಲಸದಲ್ಲಿ ಇರುವವರನ್ನೇ ಕೇಳಲು ಹೊರಟೆ. ನೆಂಟರು, ಹಳೇ ಸಹಪಾಠಿಗಳು, ಮಗಳ ಶಾಲೆಯ ಗುಂಪಿನಲ್ಲಿರುವ ಅಮ್ಮಂದಿರು. ಸಂಬಳ ಎಷ್ಟು ಅಂತ ಕೇಳಲಿಲ್ಲ. ಕೇಳಿದರೂ ಯಾರು ನಿಜ ಹೇಳುತ್ತಾರೆ? ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ ಅಂತ ಕೇಳಿದೆ. ಡೈರಿಯಲ್ಲಿ ಮೂರು ಕಾಲಂ ಗೀಚಿಕೊಂಡಿದ್ದೆ. ಎಲ್ಲಿಂದ ಮಾಡಬಹುದು? ಯಾವ ಹೊತ್ತಿಗೆ ಮಾಡಬಹುದು? ನಡುವೆ ಮೂರು ನಾಲ್ಕು ವರ್ಷ ಬಿಟ್ಟು ಬಂದರೆ ಒಳಗೆ ಸೇರಿಸುತ್ತಾರಾ? ಈ ಮೂರನೆಯದನ್ನು ಜನ ಮರೆಯುತ್ತಾರೆ. ನನಗೆ ಅದೇ ದೊಡ್ಡ ಪ್ರಶ್ನೆ. ಒಮ್ಮೆ ಬಿಟ್ಟವಳು ಇನ್ನೊಮ್ಮೆ ಬಿಡಬೇಕಾಗಿ ಬರಬಹುದು.

ಹೈಸ್ಕೂಲಿನಲ್ಲಿ ಗಣಿತ ಹೇಳುವ ನನ್ನ ನಾದಿನಿಯ ಲೆಕ್ಕ ಹೀಗಿತ್ತು. ಜಾಗ ಬದಲಾಗದು, ಹೊತ್ತು ಬದಲಾಗದು, ಆದರೆ ಮಕ್ಕಳ ರಜೆಗೆ ಅವಳಿಗೂ ರಜೆ. ಹತ್ತು ವರ್ಷ ಬಿಟ್ಟು ಬಂದರೂ ಪೈಥಾಗೊರಸ್ ಪ್ರಮೇಯ ಅದೇ ಇರುತ್ತದೆ. ಆಸ್ಪತ್ರೆಯ ಲ್ಯಾಬಿನಲ್ಲಿರುವ ಪಕ್ಕದ ಮನೆಯವಳಿಗೆ ಯಾವ ತಾಲ್ಲೂಕಿಗೆ ಹೋದರೂ ಕೆಲಸ ಸಿಗುತ್ತೆ, ಆದರೆ ನೈಟ್ ಶಿಫ್ಟ್ ತಪ್ಪದು. ಸಿವಿಲ್ ಎಂಜಿನಿಯರ್ ಭಾವ ನಗುತ್ತಾ, "ಸೈಟೇ ನನ್ನ ಮನೆ ಅಮ್ಮ" ಅಂದರು. ಸಾಫ್ಟ್‌ವೇರ್‌ನಲ್ಲಿರುವ ಚಿಕ್ಕಪ್ಪನ ಮಗ ಎರಡು ವರ್ಷ ಊರಿನಿಂದಲೇ ಕೆಲಸ ಮಾಡಿದವನು. ಅಷ್ಟರಲ್ಲಿ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂದಿತ್ತು. ವಾರಕ್ಕೆ ಮೂರು ದಿನ ಅಂದರೆ ಬೆಂಗಳೂರಿನಲ್ಲಿ ಮನೆ ಮಾಡಲೇಬೇಕು. ಶಿವಮೊಗ್ಗದಿಂದ 300 ಕಿಲೋಮೀಟರ್. "ಅಕ್ಕಾ, ಎರಡು ವರ್ಷ ಬಿಟ್ಟು ಬಂದ್ರೆ ನಾವು ಬರೆದ ಕೋಡ್ ನಮಗೇ ಗುರುತು ಸಿಗಲ್ಲ" ಅಂದ. ಬೆಂಗಳೂರಿನ ಆಚೆ ಐಟಿ ಅಂತ ಸರ್ಕಾರ ಹೇಳುತ್ತಿದೆಯಲ್ಲ ಅಂತ ಕೇಳಿದೆ. ಅಲ್ಲಿ ಹೆಚ್ಚು ಕೇಳಿಬರುವುದು ಮೈಸೂರು, ಮಂಗಳೂರು, ಹುಬ್ಬಳ್ಳಿ ಹೆಸರು. ನಮ್ಮೂರಿಗೆ ವಿಮಾನ ನಿಲ್ದಾಣ ಬಂದಿದೆ, 2023ರಲ್ಲಿ. ಕಂಪನಿಗಳು ಇನ್ನೂ ಬರಬೇಕು.

ನನ್ನ ಯೋಚನೆ ತಿರುಗಿದ್ದು ಒಬ್ಬ ಗೆಳತಿಯಿಂದ. ಬಿಎಸ್ಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಮುಂದೆ ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಈಗ ಔಷಧಿ ಪರೀಕ್ಷೆಗಳ ಅಂಕಿಅಂಶದ ಕೆಲಸದಲ್ಲಿದ್ದಾಳೆ. ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡುತ್ತಾರಲ್ಲ, ಆ ದತ್ತಾಂಶವನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಕೊಡುವಾಗ ಸಿಡಿಐಎಸ್‌ಸಿ ಅನ್ನುವ ನಿಗದಿತ ರೂಪದಲ್ಲಿ ಕೊಡಬೇಕು. ಅದನ್ನು ಎಸ್‌ಎಎಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ತಯಾರು ಮಾಡುವವಳು ಇವಳು. ಈಗೀಗ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯೂ ಬರುತ್ತಿದೆಯಂತೆ. ಕೆಲಸ ಮನೆಯಿಂದಲೇ, ಕಂಪನಿಯ ಲ್ಯಾಪ್‌ಟಾಪ್, ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್. ಆದರೆ ಸಂಜೆ ಏಳರಿಂದ ಒಂಬತ್ತು ಅಮೆರಿಕದವರ ಜೊತೆ ಮೀಟಿಂಗ್. ಮಕ್ಕಳಿಗೆ ಊಟ ಹಾಕುವ ಹೊತ್ತು ಅದು. "ಮನೇಲಿರ್ತೀನಿ ಅಷ್ಟೆ ಕಣೇ, ಮನೆಯವರಿಗೆ ಸಿಗ್ತೀನಿ ಅಂತ ಅಲ್ಲ" ಅಂದಳು. ಎರಡನೇ ಹೆರಿಗೆ ಆದಮೇಲೆ ಅವಳಿಗೆ 26 ವಾರ ರಜೆ ಸಿಕ್ಕಿತ್ತು, 2017ರ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ. ಆಮೇಲೆ ಕೆಲವು ತಿಂಗಳು ಕಡಿಮೆ ಹೊತ್ತಿನ ಕೆಲಸಕ್ಕೂ ಒಪ್ಪಿದರು. ಯಾಕೆ ಒಪ್ಪಿದರು ಅಂದರೆ, ಅವಳ ಬದಲು ಇನ್ನೊಬ್ಬರನ್ನು ತಯಾರು ಮಾಡಲು ಬಹಳ ಕಾಲ ಬೇಕು.

ಅವಳಿಗೆ ಎಐ ಬಗ್ಗೆಯೂ ಕೇಳಿದೆ. ಮಗಳು ದಿನಾ ಹೆದರಿಸುತ್ತಿದ್ದಳು, "ಅಮ್ಮಾ, ನೀನು ಕಲಿಯೋ ಅಷ್ಟೊತ್ತಿಗೆ ಅದೇ ಎಲ್ಲ ಮಾಡುತ್ತೆ" ಅಂತ. ಗೆಳತಿ ಹೇಳಿದ್ದು: ಅವರಲ್ಲಿ ಮುಖ್ಯವಾದ ಪಟ್ಟಿಗಳನ್ನು ಇಬ್ಬರು ಬೇರೆ ಬೇರೆಯಾಗಿ ಕೂತು ಮಾಡುತ್ತಾರೆ. ಒಬ್ಬರ ಕೋಡ್ ಇನ್ನೊಬ್ಬರು ನೋಡುವ ಹಾಗಿಲ್ಲ. ಕೊನೆಗೆ ಇಬ್ಬರ ಉತ್ತರ ಒಂದೇ ಬಂದಿದೆಯಾ ಅಂತ ತಾಳೆ ನೋಡುತ್ತಾರೆ. ಕೋಡ್ ಬೇಗ ಬರೆಯಬಹುದು, ಆದರೆ ಉತ್ತರ ಸರಿ ಇದೆಯಾ ಅಂತ ಹೇಳಿ ಸಹಿ ಹಾಕುವವರು ಬೇಕೇ ಬೇಕು. ಈ ಮಾತು ನನಗೆ ಹಿಡಿಸಿತು. ಕೋಡ್ ಬರೆಯುವುದಕ್ಕಿಂತ ಅಂಕಿ ಓದಲು ಬರುವುದು ಹೆಚ್ಚು ಕಾಲ ಬಾಳಿಕೆ ಬರುತ್ತೆ ಅನ್ನಿಸಿತು. ಗಣಿತ ಓದಿದ್ದಕ್ಕೆ ಹೀಗನ್ನಿಸಿತೋ ಏನೋ, ಇರಲಿ.

ಇಷ್ಟಾದ ಮೇಲೆ ಡಿಗ್ರಿ ಹುಡುಕಾಟ. ಬಿಎಡ್ ಎರಡು ವರ್ಷ, ರೆಗ್ಯುಲರ್. ಅತ್ತೆಯ ಆಸೆ ಅದೇ. "ಟೀಚರ್ ಕೆಲಸ ಹೆಂಗಸರಿಗೆ ಒಳ್ಳೇದು ಕಣೇ" ಅನ್ನುತ್ತಿದ್ದರು. ನಾನು ಪಾಠ ಮಾಡಿದವಳು. ಖಾಸಗಿ ಶಾಲೆಯಲ್ಲಿ ಕೊಡುವ ಸಂಬಳವೂ ಗೊತ್ತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತ ಎಂಎಸ್ಸಿ ಮಾಡಬಹುದಿತ್ತು. ದಿನಾ ಬಸ್ಸು, ಹಾಜರಾತಿ, ಅದಾದ ಮೇಲೆ ಪಿಯು ಉಪನ್ಯಾಸಕಿ ಆಗಬೇಕಾದರೆ ಮತ್ತೆ ಬಿಎಡ್. ಸಂಖ್ಯಾಶಾಸ್ತ್ರ ಎಂಎಸ್ಸಿ ಮಾಡಿ ಕೇಂದ್ರ ಸರ್ಕಾರದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ ಬರಿ ಅಂತ ಒಬ್ಬರು ಹೇಳಿದರು. ಅದಕ್ಕೆ ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 30. ಬಾಗಿಲು ಮುಚ್ಚಿ ಏಳು ವರ್ಷ ಆಗಿತ್ತು. ಹುಡುಗಿಯರು ಇದನ್ನು ಬೇಗ ತಿಳಿದುಕೊಂಡರೆ ಒಳ್ಳೆಯದು.

ದೂರಶಿಕ್ಷಣದಲ್ಲಿ ಬಿಇ ಮಾಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕೃಷಿ ಇವನ್ನೆಲ್ಲ ದೂರಶಿಕ್ಷಣದಲ್ಲಿ ಕೊಡಲು ವಿಶ್ವವಿದ್ಯಾಲಯಗಳ ಮೇಲಿನ ಆಯೋಗ ಯುಜಿಸಿ ಬಿಡುವುದಿಲ್ಲ. ಎಂಸಿಎ, ಅಂದರೆ ಕಂಪ್ಯೂಟರ್ ಅಪ್ಲಿಕೇಶನ್ಸ್‌ನ ಸ್ನಾತಕೋತ್ತರ ಡಿಗ್ರಿ, ಮಾಡಬಹುದು. ಈಗ ಅದು ಮೂರು ವರ್ಷದ್ದಲ್ಲ, ಎರಡೇ ವರ್ಷ. ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋದಲ್ಲಿದೆ, ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸ್‌ಗಳ ಪಟ್ಟಿಯನ್ನೂ ನೋಡಿದೆ. ಯಾವುದಕ್ಕೇ ಸೇರುವ ಮೊದಲು ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯಕ್ಕೆ ಇದ್ದರೆ ಸಾಲದು, ಕೋರ್ಸಿಗೂ ಇರಬೇಕು. 2024ರಿಂದ ಡಿಇಬಿ ಐಡಿ (ಆ ಬ್ಯೂರೋದಿಂದ ಪಡೆಯುವ ಗುರುತಿನ ಸಂಖ್ಯೆ) ಅಂತ ಒಂದು ಕಡ್ಡಾಯ ಮಾಡಿದ್ದಾರೆ, ಅದನ್ನೂ ಮಾಡಿಸಿಕೊಳ್ಳಬೇಕು. ಎಂಸಿಎಗೆ ನಾನು ಹೆಚ್ಚುಕಡಿಮೆ ಮನಸ್ಸು ಮಾಡಿದ್ದೆ. ಹಿಂದೆಗೆದದ್ದು ಒಂದೇ ಕಾರಣಕ್ಕೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಪರೀಕ್ಷೆ ಇಟ್ಟರೆ ನಾನು ಓದುವುದು ಪರೀಕ್ಷೆಯ ಹಿಂದಿನ ವಾರ. ನನ್ನ ಬುದ್ಧಿ ನನಗೆ ಗೊತ್ತು. ವಾರ ವಾರ ಯಾರಾದರೂ ಬೆನ್ನು ಹತ್ತಬೇಕು.

ಕೊನೆಗೆ ಆರಿಸಿದ್ದು ಐಐಟಿ ಮದ್ರಾಸ್‌ನ ಆನ್‌ಲೈನ್ ಡಿಗ್ರಿ, ಡೇಟಾ ಸೈನ್ಸ್ ಬಿಎಸ್. 2020ರಲ್ಲಿ ಶುರುವಾದದ್ದು. ಜೆಇಇ ಪ್ರವೇಶ ಪರೀಕ್ಷೆ ಬೇಡ, ವಯಸ್ಸಿನ ಮಿತಿ ಇಲ್ಲ. ಪಿಯುಸಿ ಪಾಸಾಗಿರಬೇಕು, ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು. ಬಿಎಸ್ಸಿ ಆದವಳು ಮತ್ತೆ ಬ್ಯಾಚುಲರ್ ಡಿಗ್ರಿಯಾ ಅಂತ ಕೆಲವರು ಮೂಗು ಮುರಿದರು. ನನಗೆ ಬೇಕಾಗಿದ್ದು ಹೆಸರಲ್ಲ, ಅದನ್ನು ಕಟ್ಟಿರುವ ರೀತಿ. ಮೊದಲು ಫೌಂಡೇಶನ್, ಆಮೇಲೆ ಎರಡು ಡಿಪ್ಲೊಮಾ, ಆಮೇಲೆ ಬಿಎಸ್ಸಿ, ಕೊನೆಗೆ ನಾಲ್ಕು ವರ್ಷದ ಡಿಗ್ರಿಯಾದ ಬಿಎಸ್. ಯಾವ ಮೆಟ್ಟಿಲಲ್ಲಿ ಇಳಿದರೂ ಕೈಯಲ್ಲಿ ಒಂದು ಕಾಗದ ಇರುತ್ತದೆ. ವರ್ಷಕ್ಕೆ ಮೂರು ಟರ್ಮ್: ಜನವರಿ, ಮೇ, ಸೆಪ್ಟೆಂಬರ್. ಎಷ್ಟು ಕೋರ್ಸ್ ತಗೊಳ್ಳುತ್ತೀರೋ ಅಷ್ಟಕ್ಕೇ ಫೀಸು. ಎಲ್ಲ ಮುಗಿಸಲು ಎಂಟು ವರ್ಷದವರೆಗೆ ಅವಕಾಶ. ಫೌಂಡೇಶನ್‌ನ ಎಂಟು ಕೋರ್ಸಿಗೆ ಆಗ 32,000 ರೂಪಾಯಿ. ಎಸ್‌ಸಿ, ಎಸ್‌ಟಿ, ಅಂಗವಿಕಲರು, ಆದಾಯ ಕಡಿಮೆ ಇರುವವರಿಗೆ ರಿಯಾಯಿತಿ ಇದೆ. ನಮಗೆ ಅದು ಬರಲಿಲ್ಲ.

ನೆಂಟರಲ್ಲಿ ಮಾತ್ರ "ಐಐಟಿ ಸೇರಿದಳಂತೆ" ಅಂತ ಸುದ್ದಿಯಾಯಿತು. ಇದು ಬಿಟೆಕ್ ಅಲ್ಲ, ಅದೇ ಬೇರೆ ಇದೇ ಬೇರೆ ಅಂತ ಎಷ್ಟು ಜನರಿಗೆ ಹೇಳಲಿ! ಬಿಟೆಕ್ ಹುಡುಗರನ್ನು ಕರೆದುಕೊಂಡು ಹೋಗುವ ಕಂಪನಿಗಳು ಇಲ್ಲಿಗೂ ಹಾಗೇ ಬರುತ್ತವೆ ಅಂತ ಯಾರೂ ತಿಳಿಯಬಾರದು.

ಅರ್ಜಿಗೆ 3,000 ರೂಪಾಯಿ ಕಟ್ಟಿದೆ. ಕಟ್ಟಿದ ಕೂಡಲೇ ಪ್ರವೇಶ ಸಿಗದು. ನಾಲ್ಕು ವಾರ ಪಾಠ ಕೇಳಿ, ವಾರ ವಾರ ಅಸೈನ್‌ಮೆಂಟ್ ಮಾಡಿ, ಅದರಲ್ಲಿ ಸಾಕಷ್ಟು ಅಂಕ ಬಂದರೆ ಕ್ವಾಲಿಫೈಯರ್ ಪರೀಕ್ಷೆ. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯುಟೇಶನಲ್ ಥಿಂಕಿಂಗ್, ಇಂಗ್ಲಿಷ್ ನಾಲ್ಕು ವಿಷಯ. ಈ ಪದ್ಧತಿ ನನಗೆ ಇಷ್ಟವಾಯಿತು. ದೊಡ್ಡ ಮೊತ್ತ ಕಟ್ಟುವ ಮೊದಲೇ ನನ್ನಿಂದ ಆಗುತ್ತಾ ಅಂತ ನಾನೇ ನೋಡಿಕೊಳ್ಳಬಹುದು. ಸೂತ್ರಗಳು ಬೇಗ ನೆನಪಾದವು. ಇಂಗ್ಲಿಷ್‌ನಲ್ಲಿ ಪಟಪಟ ಹೇಳುವ ಪಾಠ ಮೊದಲಿಗೆ ಕಷ್ಟ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ವಿಡಿಯೊ ನಿಧಾನ ಮಾಡಿಕೊಂಡು ಕೇಳಿದೆ. ಕಂಪ್ಯುಟೇಶನಲ್ ಥಿಂಕಿಂಗ್‌ನಲ್ಲಿ ಅಂಗಡಿ ಬಿಲ್ಲುಗಳ ಕಟ್ಟು ಇಟ್ಟುಕೊಂಡು ಒಂದೊಂದೇ ಬಿಲ್ಲು ತೆಗೆದು ನೋಡಿ ಲೆಕ್ಕ ಹಾಕುವುದನ್ನು ಕಲಿಸುತ್ತಾರೆ. ಅದನ್ನು ನೋಡಿ ಅತ್ತೆ, "ಇದಕ್ಕೆ ಐಐಟಿ ಬೇಕಾ? ನಿನ್ನ ಮಾವ ಜೀವನ ಪೂರ್ತಿ ಇದನ್ನೇ ಮಾಡಿದರು" ಅಂದರು. ಮಾವನದು ಹಿಂದೆ ದಿನಸಿ ಅಂಗಡಿ ಇತ್ತು.

ಮುಂದೆ ಗಣಿತದ ಮೊದಲ ಕೋರ್ಸಿನಲ್ಲಿ ಗ್ರಾಫ್ ಬಂತು. ಎಂದೂ ಓದಿರಲಿಲ್ಲ. ಊರುಗಳು ಬಿಂದುಗಳು, ರಸ್ತೆಗಳು ಗೆರೆಗಳು, ಅತಿ ಹತ್ತಿರದ ದಾರಿ ಹುಡುಕುವುದು ಡಿಜ್‌ಕ್‌ಸ್ಟ್ರಾ ವಿಧಾನ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ, ರಿಪ್ಪನ್‌ಪೇಟೆ ಬರೆದುಕೊಂಡು ಬಸ್ಸಿನ ದೂರ ಹಾಕಿ ಮಾಡಿ ನೋಡಿದೆ. ನಮ್ಮ ಮನೆಯವರು ಬಂದು, "ಈ ದಾರೀಲಿ ಮಳೆಗಾಲದಲ್ಲಿ ಹೋಗೋಕಾಗಲ್ಲ, ಅದನ್ನೂ ಹಾಕು" ಅಂದರು. ಅದನ್ನೂ ಹಾಕಬಹುದು, ಆ ಗೆರೆಯ ತೂಕ ಜಾಸ್ತಿ ಮಾಡಿದರೆ ಆಯಿತು.

ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೇ ಹೋಗಿ ಬರೆಯಬೇಕು. ಕ್ವಿಜ್‌ಗಳೂ ಹಾಗೇ. ಆನ್‌ಲೈನ್ ಡಿಗ್ರಿ ಅಂತ ಸೇರುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ನಾನು ಬೆಂಗಳೂರಿಗೆ ಹೋಗಿ ಬರೆದೆ. ಶನಿವಾರ ರಾತ್ರಿ ಬಸ್ಸು, ಭಾನುವಾರ ಪರೀಕ್ಷೆ, ರಾತ್ರಿ ಮತ್ತೆ ಬಸ್ಸು, ಸೋಮವಾರ ಬೆಳಿಗ್ಗೆ ಮಕ್ಕಳ ಟಿಫನ್ ಬಾಕ್ಸ್. ಅಲ್ಲಿ ಬರುವವರಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ಜೊತೆಗೇ ಇದನ್ನೂ ಓದುವ ಹುಡುಗರು. ಮೊದಲ ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಒಬ್ಬ ಹುಡುಗ, "ಆಂಟಿ, ಆ ಲಾಗ್ ಪ್ರಶ್ನೆಗೆ ನಿಮಗೆ ಎಷ್ಟು ಬಂತು?" ಅಂತ ಕೇಳಿದ. ನನಗೆ ಬಂದ ಉತ್ತರ ಹೇಳಿದೆ. ತಲೆ ಮೇಲೆ ಕೈ ಹೊತ್ತುಕೊಂಡ. ಪಾಪ ಅನ್ನಿಸಿತು, ಒಳಗೊಳಗೇ ಖುಷಿಯೂ ಆಯಿತು.

ಟರ್ಮಿಗೆ ಎರಡು ಕೋರ್ಸ್, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿ ನನ್ನಿಂದಾಗದು. ಮಳೆಗಾಲದಲ್ಲಿ ಕರೆಂಟ್ ಹೋಗುತ್ತೆ ಅಂತ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿದ್ದೇವೆ. ಪೈಥಾನ್ ಕೋರ್ಸಿನ ಪರೀಕ್ಷೆಯಲ್ಲಿ ಕಣ್ಣೆದುರೇ ಕೋಡ್ ಬರೆದು ಓಡಿಸಿ ತೋರಿಸಬೇಕು. ಮೊದಲ ಸಲ ಕೈ ನಡುಗಿತು.

ಕೆಲಸ ಸಿಕ್ಕಿದ್ದು ನಾನು ಅಂದುಕೊಂಡ ದಿಕ್ಕಿನಿಂದ ಅಲ್ಲ. ಫೌಂಡೇಶನ್ ಮುಗಿಯುವ ಹೊತ್ತಿಗೆ ನಮ್ಮ ಮನೆಯವರು ತೋಟದ ಲೆಕ್ಕಕ್ಕೆ ಹೋಗುವ ಆಡಿಟರ್ ಆಫೀಸಿನಲ್ಲಿ ನನ್ನ ಓದಿನ ಮಾತು ಬಂತಂತೆ. ಅವರಿಗೆ ತಿಂಗಳು ತಿಂಗಳೂ ಒಂದು ತಲೆನೋವು. ಜಿಎಸ್‌ಟಿಯಲ್ಲಿ 2ಬಿ ಅಂತ ಒಂದು ಪಟ್ಟಿ ಪ್ರತಿ ತಿಂಗಳು 14ಕ್ಕೆ ಬರುತ್ತದೆ. ಸರಕು ಮಾರಿದವರು ತೋರಿಸಿದ ಬಿಲ್ಲುಗಳು ಅದರಲ್ಲಿರುತ್ತವೆ. ಅದನ್ನು ಅಂಗಡಿಯವರ ಖರೀದಿ ಪುಸ್ತಕದ ಜೊತೆ ತಾಳೆ ನೋಡಿ, ತಿಂಗಳಿಗೊಮ್ಮೆ ಸಲ್ಲಿಸುವವರು 20ರೊಳಗೆ 3ಬಿ ಅನ್ನುವ ರಿಟರ್ನ್ ಸಲ್ಲಿಸಬೇಕು. ತಾಳೆಯಾಗದಿದ್ದರೆ ಕಟ್ಟಿದ ತೆರಿಗೆಯ ಜಮೆ ಸಿಗುವುದಿಲ್ಲ. ಹುಡುಗರು ಎಕ್ಸೆಲ್‌ನಲ್ಲಿ ಒಂದೊಂದೇ ಸಾಲು ಬಣ್ಣ ಹಚ್ಚುತ್ತಾ ಕೂರುತ್ತಿದ್ದರು. ಒಂದು ಕಡೆ ಬಿಲ್ ನಂಬರ್ 'ಐಎನ್‌ವಿ/0023' ಅಂತ ಇದ್ದರೆ ಇನ್ನೊಂದು ಕಡೆ ಬರೀ '23'. ದಿನಾಂಕ ಒಂದು ದಿನ ಆಚೀಚೆ. ಪೈಸೆಯಲ್ಲಿ ವ್ಯತ್ಯಾಸ. ನಾನು ಪೈಥಾನ್‌ನಲ್ಲಿ ಪಟ್ಟಿಗಳನ್ನು ನಿಭಾಯಿಸುವ ಪಾಂಡಾಸ್ ಅನ್ನುವ ಸಲಕರಣೆ ಬಳಸಿ ಬಿಲ್ ನಂಬರಿನ ಅಕ್ಷರ, ಸೊನ್ನೆ ಎಲ್ಲ ಕಿತ್ತು, ಜಿಎಸ್‌ಟಿ ನಂಬರು ಮತ್ತು ಮೊತ್ತದ ಜೊತೆ ಹೊಂದಿಸುವ ಒಂದು ಪ್ರೋಗ್ರಾಂ ಬರೆದೆ. ಹೊಂದದೇ ಉಳಿದದ್ದನ್ನು ಮಾತ್ರ ಕಣ್ಣಲ್ಲಿ ನೋಡಿದರೆ ಸಾಕು. ಆಡಿಟರು ಮೊದಲು ನಂಬಲಿಲ್ಲ. ಎರಡು ತಿಂಗಳು ಹುಡುಗರ ಕೈಯಲ್ಲೂ ಮಾಡಿಸಿ, ನನ್ನದರ ಜೊತೆ ಇಟ್ಟು ನೋಡಿದರು. ಗೆಳತಿ ಹೇಳಿದ ಪದ್ಧತಿ ಇದೇ ಅಲ್ವಾ ಅಂತ ನನಗೆ ನಗು.

ಈಗ ಅವರ ಕೆಲಸ ಮನೆಯಿಂದಲೇ ಮಾಡುತ್ತೇನೆ. ತಿಂಗಳ 14ರಿಂದ 20 ಬಿಡುವಿಲ್ಲ, ಉಳಿದ ದಿನ ಆರಾಮ. ಕ್ವಿಜ್ ಆ ವಾರ ಬಿದ್ದರೆ ಕಷ್ಟ. ದುಡ್ಡು ಒಂದು ಫೈಲಿಗೆ ಇಷ್ಟು ಅಂತ. ಪಿಎಫ್ ಇಲ್ಲ, ಸಂಬಳ ಸಹಿತ ರಜೆ ಇಲ್ಲ, ಮಲಗಿದರೆ ಆ ತಿಂಗಳು ಏನೂ ಇಲ್ಲ. ನನ್ನ ಹೊತ್ತಿಗೆ ತಕ್ಕ ಹಾಗೆ ಕೆಲಸ ಬೇಕು ಅಂದಾಗ ಕೊಡಬೇಕಾದ ಬೆಲೆ ಇದು. ಬೆಂಗಳೂರಿನ ಗೆಳತಿಯ ಸಂಬಳದ ಹತ್ತಿರಕ್ಕೂ ಇದು ಬರುವುದಿಲ್ಲ, ಖಾಸಗಿ ಶಾಲೆಯಲ್ಲಿ ನನಗೆ ಸಿಗುತ್ತಿದ್ದುದಕ್ಕಿಂತ ಪರವಾಗಿಲ್ಲ.

ಡಿಪ್ಲೊಮಾ ನಡೆಯುತ್ತಿದೆ. ಎಸ್‌ಕ್ಯೂಎಲ್ ಬಂತು, ಮಷಿನ್ ಲರ್ನಿಂಗ್ ಶುರುವಾಗಿದೆ. ಡಿಪ್ಲೊಮಾ ಆದಮೇಲೆ ಬಿಎಸ್ಸಿ ಹಂತಕ್ಕೆ ಹೋಗುವುದೋ, ಅಲ್ಲಿಗೇ ನಿಲ್ಲಿಸಿ ಗೆಳತಿಯ ಕ್ಷೇತ್ರಕ್ಕೆ ಬೇಕಾದ ಎಸ್‌ಎಎಸ್ ಕಲಿಯುವುದೋ ಇನ್ನೂ ತೀರ್ಮಾನ ಆಗಿಲ್ಲ. ಅವಳು ಬಾ ಅನ್ನುತ್ತಾಳೆ. ನನಗೆ ಆ ಸಂಜೆಯ ಮೀಟಿಂಗಿನದೇ ಯೋಚನೆ. ಸೆಪ್ಟೆಂಬರ್ ಟರ್ಮ್‌ಗೆ ಒಂದೇ ಕೋರ್ಸ್ ತಗೊಂಡಿದ್ದೇನೆ. ಆ ಹೊತ್ತಿಗೆ ತೋಟದಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗುತ್ತದೆ, ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ ಬೇರೆ.